ಬೊಮ್ಮಣ್ಣನ ಕತೆಗೆ ನಾನು ಹೂಂ ಅಂದದ್ದು

ನಮ್ಮ ಮನೆಯಲ್ಲಿ ಅಜ್ಜನಿಗೂ ಅಜ್ಜಿಗೂ ಮಾತಿರಲಿಲ್ಲ. ನಾನು ಎರಡನೇ ಕ್ಲಾಸಿನಲ್ಲಿದ್ದಾಗ ಶುರುವಾದದ್ದು, ಆರನೇ ಕ್ಲಾಸಿಗೆ ಶಾಲೆ ಬಿಟ್ಟು ಮಗ್ಗದ ಕೆಲಸಕ್ಕೆ ಕೂತ ಮೇಲೂ ಮುಗಿದಿರಲಿಲ್ಲ. ಕಾರಣ ಒಂದು ಕುರಿ. ಅಜ್ಜಿ ಮದುವೆಯಾಗಿ ಹೊಸದುರ್ಗದ ಕಡೆಯ ತವರಿನಿಂದ ಬರುವಾಗ ಅವಳಪ್ಪ ಕಂದು ಮುಖದ ಒಂದು ಹೆಣ್ಣುಮರಿಯನ್ನು ಜೊತೆಗೆ ಅಟ್ಟಿದ್ದನಂತೆ. ಅದರ ಮಗಳು, ಮೊಮ್ಮಗಳು ಅಂತ ಸಂತಾನ ಇಳಿದು ಬಂದು ಕೊನೆಗೆ ಒಂದೇ ಒಂದು ಉಳಿದಿತ್ತು. ಅಜ್ಜ ಒಂದು ದಿನ ಅದನ್ನು ಬೇರೆ ಕುರಿಗಳ ಜೊತೆ ಸಂತೆಗೆ ಹೊಡೆದುಕೊಂಡು ಹೋಗಿ, ಅಜ್ಜಿಯನ್ನು ಒಂದು ಮಾತು ಕೇಳದೆ ಮಾರಿಬಂದ. ಅಜ್ಜಿ ಅವತ್ತು ಮುದ್ದೆ ಇಟ್ಟಳು, ಹುರುಳಿ ಸಾರು ಬಿಟ್ಟಳು, ಮಾತು ನಿಲ್ಲಿಸಿದಳು. ಅಳಲಿಲ್ಲ, ಬೈಯಲಿಲ್ಲ. ಆಮೇಲೆ ಅಜ್ಜನಿಗೆ ಹೇಳಬೇಕಾದದ್ದನ್ನೆಲ್ಲ ನನ್ನ ಮುಖ ನೋಡಿ ಹೇಳುತ್ತಿದ್ದಳು.

“ತಿಪ್ಪ, ನಿಮ್ಮಜ್ಜಗೆ ಹೇಳು, ಮುದ್ದೆ ಆರ್ತೈತೆ.”

ಅಜ್ಜ ಎರಡು ಮಾರು ದೂರದಲ್ಲೇ ಕೂತಿರುತ್ತಿದ್ದ.

“ತಿಪ್ಪ, ನಿಮ್ಮಜ್ಜಿಗೆ ಹೇಳು, ನನಗೂ ಎಲ್ಡು ಕಿವಿ ಅವೆ.”

ನಾನು ಯಾರಿಗೂ ಏನೂ ಹೇಳುತ್ತಿರಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ನನ್ನ ಹೆಸರು ಅವರಿಬ್ಬರ ನಡುವೆ ಹಾಕಿದ ಹಲಗೆಯಿದ್ದ ಹಾಗೆ, ಅದರ ಮೇಲೆ ಮಾತು ಅತ್ತಿಂದಿತ್ತ ದಾಟುತ್ತಿತ್ತು.

ನಮ್ಮದು ಮಣ್ಣಿನ ಮಾಳಿಗೆಯ ಮನೆ. ಹಿತ್ತಲಲ್ಲಿ ನಿಂತರೆ ರಾಮಗಿರಿಯ ಗುಡ್ಡ ಕಾಣುತ್ತಿತ್ತು. ರೈಲು ಸ್ಟೇಷನ್ನಿಗೆ ಬಂದು ನಿಂತ ಸದ್ದು ಅಡುಗೆ ಒಲೆಯ ಮುಂದೆ ಕೂತವರಿಗೂ ತಿಳಿಯುತ್ತಿತ್ತು. ಬಾಗಿಲು ದಾಟಿದ ಕೂಡಲೇ ಪಡಸಾಲೆ, ಅಲ್ಲಿ ನೆಲದೊಳಗೆ ಮಗ್ಗದ ಗುಂಡಿ. ಅಜ್ಜ ಅದರೊಳಗೆ ಕಾಲು ಇಳಿಬಿಟ್ಟು ಕೂತು ಕಂಬಳಿ ನೇಯುತ್ತಿದ್ದ. ಅಜ್ಜಿ ಎದುರಿನ ಕಂಬಕ್ಕೆ ಬೆನ್ನು ಕೊಟ್ಟು ರಾಟೆಯಲ್ಲಿ ಉಣ್ಣೆ ನೂಲುತ್ತಿದ್ದಳು. ನೂಲು ಗಟ್ಟಿಯಾಗಲೆಂದು ಹುಣಸೆ ಬೀಜ ಬೇಯಿಸಿ ಅರೆದ ಗಂಜಿ ಬಳಿಯುವುದು ನನ್ನ ಕೆಲಸ. ಆ ಗಂಜಿಯ ವಾಸನೆ ಗೋಡೆಗೆ, ಹಾಸಿಗೆಗೆ, ನಮ್ಮ ಮೈಗೆ ಹತ್ತಿಕೊಂಡಿರುತ್ತಿತ್ತು. ಶಾಲೆಯಲ್ಲಿ ನನ್ನ ಪಕ್ಕ ಕೂರುವ ಹುಡುಗರು ಮೂಗು ಮುಚ್ಚಿಕೊಳ್ಳುತ್ತಿದ್ದರು. ಶಾಲೆ ಬಿಟ್ಟಿದ್ದು ಅದಕ್ಕಲ್ಲ. ಅಪ್ಪ ಕುರಿಗಳ ಹಿಂದೆ ಹೋದರೆ ಮಗ್ಗಕ್ಕೆ ಕೈ ಸಾಲುತ್ತಿರಲಿಲ್ಲ, ಅದಕ್ಕೆ ಬಿಟ್ಟೆ. ಬಿಡಿಸಿದರು ಅಂತ ನಾನು ಎಂದೂ ಹೇಳುವುದಿಲ್ಲ. ನಾನೇ ಬಿಟ್ಟೆ. ಹದಿಮೂರು ತುಂಬುವ ಮೊದಲು ನನ್ನ ಕೈಯಿಂದ ಇಳಿದ ಕಂಬಳಿಯನ್ನು ಅಜ್ಜ ಎಳೆದು, ಹಿಡಿದು, ಬೆಳಕಿಗೆ ಎತ್ತಿ ನೋಡಿ ಏನೂ ಹೇಳದೆ ಮಡಿಸಿಟ್ಟ. ಅವನು ಏನೂ ಹೇಳದಿದ್ದರೆ ಚೆನ್ನಾಗಿದೆ ಅಂತ ಅರ್ಥ.

ಕತೆ ಹೇಳುತ್ತಿದ್ದದ್ದು ಆ ಮಗ್ಗದ ಮುಂದೆಯೇ, ಹಾಡುಹಗಲಲ್ಲಿ. ಕೈ ಖಾಲಿ ಇಟ್ಟುಕೊಂಡು ಕತೆ ಹೇಳುವವನನ್ನು ಅಜ್ಜ ಸೋಮಾರಿ ಅನ್ನುತ್ತಿದ್ದ. ಕತೆ ಅಂದರೆ ನಮ್ಮಲ್ಲಿ ಒಂದೇ, ಏಳು ಹಟ್ಟಿ ಬೊಮ್ಮಣ್ಣನದು. ಮಳೆ ಕೈಕೊಟ್ಟ ವರ್ಷ ಹೊಳಲ್ಕೆರೆ ಸೀಮೆಯ ಏಳು ಹಟ್ಟಿಗಳ ಕುರಿಯನ್ನು ಒಂದೇ ಹಿಂಡು ಮಾಡಿ, ಹೊಸದುರ್ಗದ ಕಲ್ಲುಗುಡ್ಡ ಹತ್ತಿಸಿ ಇಳಿಸಿ, ಹಿರಿಯೂರಿನ ವೇದಾವತಿ ದಂಡೆಗೆ ಮುಟ್ಟಿಸಿದ ಹಿರಿಯ ಅವನು. ಕೊನೆಯ ಮರಿ ನೀರು ಕುಡಿಯುವ ತನಕ ನಾನು ಹನಿ ಮುಟ್ಟುವುದಿಲ್ಲ ಅಂತ ಹೊರಟವನು, ಹಾಗೇ ನಡೆದುಕೊಂಡ. ಅವನು ಕಟ್ಟಿದ ಗುಡಿಯಿಲ್ಲ, ಅವನ ಹೆಸರಿನ ಊರಿಲ್ಲ. ಅವನಿಗೆ ಇದ್ದ ಜಾಗ ಈ ಕತೆಯೊಂದೇ. ಅದನ್ನು ಪೂರ್ತಿ ಬಲ್ಲವನು ಸುತ್ತಿನಲ್ಲಿ ನಮ್ಮಜ್ಜ ಒಬ್ಬನೇ ಉಳಿದಿದ್ದ.

ಕತೆ ಹೇಳುವವನು ಒಂದು ಮಾತು ಹೇಳಿ ನಿಲ್ಲಿಸಿದರೆ ಕೇಳುವವರಲ್ಲಿ ಒಬ್ಬರು ಹೂಂ ಅನ್ನಬೇಕು. ಎಲ್ಲ ಕಡೆಯೂ ಹೂಂಗುಟ್ಟುತ್ತಾರೆ, ಆದರೆ ನಮ್ಮ ಮನೆಯಲ್ಲಿ ಅದಕ್ಕೊಂದು ಕಟ್ಟಳೆಯಿತ್ತು. ಹೂಂ ಅಂದದ್ದು ನಡೆದಂತೆ, ಹೂಂ ಅನ್ನದ್ದು ನಡೆಯದಂತೆ. ಬೊಮ್ಮಣ್ಣ ಗುಡ್ಡ ಹತ್ತಿದ ಅಂದರೆ ಹೂಂ. ತೋಳ ಅಡ್ಡ ಬಂತು ಅಂದರೆ ಹೂಂ. ಕೊನೆಗೆ ನದಿಯ ದಂಡೆಯಲ್ಲಿ ಅಜ್ಜ ಕೈ ನಿಲ್ಲಿಸಿ, “ಕಡೇ ಮರಿ ಕುಡೀತು, ಬೊಮ್ಮಣ್ಣ ಪ್ರಾಣ ಬಿಟ್ಟ” ಅನ್ನುತ್ತಿದ್ದ. ಅಲ್ಲಿ ಹೂಂ ಅನ್ನಬಾರದು. ಅಜ್ಜ ಅದೇ ಮಾತನ್ನು ಮೂರು ಸಲ ಹೇಳಬೇಕು, ಮೂರು ಸಲವೂ ಕೇಳುವವರು ಬಾಯಿ ಬಿಡಬಾರದು. ಆಗ ಅಜ್ಜ ಸೋತವನಂತೆ, “ಹಂಗಾರೆ ನೀರು ಕುಡ್ದು ಮರದಡಿ ಮಲಗ್ಯಾನೆ, ಎಬ್ಬಿಸಬ್ಯಾಡ್ರಿ” ಅಂತ ಮುಗಿಸುತ್ತಿದ್ದ. ಹೀಗೆ ತಲೆಮಾರುಗಳಿಂದ ಯಾರೂ ಒಪ್ಪದ್ದಕ್ಕೆ ಬೊಮ್ಮಣ್ಣ ನಮ್ಮ ಮನೆಯಲ್ಲಿ ಸತ್ತೇ ಇರಲಿಲ್ಲ.

ಹೂಂಗುಟ್ಟುವವಳು ಅಜ್ಜಿ. ಮಾತು ಬಿಟ್ಟ ಮೇಲೂ ಅದನ್ನು ಬಿಡಲಿಲ್ಲ. ಅವಳ ಹೂಂ ರಾಟೆಯ ಸುತ್ತು ಮುಗಿಯುವುದಕ್ಕೂ ಅಜ್ಜನ ಲಾಳಿ ಈ ಕಡೆ ಬರುವುದಕ್ಕೂ ಸರಿಯಾಗಿ ಬೀಳುತ್ತಿತ್ತು. ಒಮ್ಮೆ ಅವ್ವ ನಗುತ್ತ ಕೇಳಿದಳು.

“ಅತ್ತೆ, ಮಾತು ಬ್ಯಾಡ, ಹೂಂ ಮಾತ್ರ ಬೇಕಾ?”

“ಹೂಂ ಬೊಮ್ಮಣ್ಣಗೆ. ಇವರಿಗಲ್ಲ.”

ಇಂಥ ಮನೆಗೆ ಟೇಪಿನ ಮೇಷ್ಟ್ರು ಬಂದರು. ದುರ್ಗದಲ್ಲಿ ಪಾಠ ಹೇಳುತ್ತಿದ್ದವರು. ರಜೆ ಬಂದರೆ ಹೆಗಲಿಗೊಂದು ಚರ್ಮದ ಚೀಲ ಹಾಕಿಕೊಂಡು ಜಿಲ್ಲೆ ಸುತ್ತುತ್ತಿದ್ದರು. ನಮ್ಮ ಸೀಮೆಯ ಹಾಡು, ಕತೆ, ಹೆಸರು ಮಾಡಿದ ಹಿರಿಯರ ನೆನಪು, ಇವನ್ನೆಲ್ಲ ಅವರವರ ಬಾಯಲ್ಲೇ ಹಿಡಿದು ರೇಡಿಯೋಗೆ ಕೊಡುತ್ತಾರೆ ಅಂತ ಸುದ್ದಿಯಿತ್ತು. ಹಿರಿಯೂರಿನ ಆದಿವಾಲದಲ್ಲಿ ಸೋಬಾನೆ ಹೇಳುವ ಮುದುಕಿಯೊಬ್ಬಳನ್ನು, ಹಿರೇಗುಂಟನೂರಿನಲ್ಲಿ ಡೊಳ್ಳಿಗೆ ಚರ್ಮ ಬಿಗಿಯುವವನನ್ನು ಆಗಲೇ ಹಿಡಿದಿದ್ದರಂತೆ. ಬೆಳಗಿನ ರೈಲಿಗೆ ಇಳಿದು ನಮ್ಮ ಮನೆ ಕೇಳಿಕೊಂಡು ಬಂದರು. ಬರುತ್ತಾರೆ ಅಂತ ವಾರದ ಹಿಂದೆಯೇ ಕಾಗದ ಬಂದಿತ್ತು, ಅಜ್ಜ ಹಿಂದಿನ ದಿನವೇ ಗಡ್ಡ ಮಾಡಿಸಿಕೊಂಡಿದ್ದ. ಕತೆ ಕೇಳಲು ಬರುವವರಿಗಾಗಿ ಗಡ್ಡ ಮಾಡಿಸುವುದು ಯಾಕೆ ಅಂತ ಅಜ್ಜಿ ನನ್ನ ಮೂಲಕ ಕೇಳಿದಳು. ಅಜ್ಜ ಕೆನ್ನೆ ಸವರಿಕೊಂಡ.

“ಬರ್ರಿ ಸ್ವಾಮಿ, ಕುಂತ್ಕಳ್ರಿ. ತಿಪ್ಪ, ಮಜ್ಜಿಗೆ ತಗಂಬಾ.”

ಮೇಷ್ಟ್ರು ಮಜ್ಜಿಗೆ ಕುಡಿದು ಯಂತ್ರ ಬಿಚ್ಚಿದರು. ಎರಡು ಚಕ್ರ, ನಡುವೆ ಕಂದು ಪಟ್ಟಿ, ಸಾಲಾಗಿ ಸೆಲ್ಲು. ಮಗ್ಗದ ಸದ್ದು ಬೇಡ ಅಂದರು. ಅಜ್ಜ ಒಪ್ಪಿದ, ಆದರೆ ಕೈಗೆ ಒಂದು ಹಿಡಿ ಉಣ್ಣೆ ತೆಗೆದುಕೊಂಡು ಬಿಡಿಸುತ್ತ ಕೂತ. ಒಳಗೆ ಅವ್ವ ಬೀಸುವ ಕಲ್ಲು ನಿಲ್ಲಿಸಿದಳು. ಇನ್ನು ಯಾರೂ ಉಸಿರೂ ಬಿಡಬಾರದು ಅಂತ ಮೇಷ್ಟ್ರು ಹೇಳಿ ಗುಂಡಿ ಒತ್ತಿದರು. ಅಜ್ಜ ಮೊದಲ ಮಾತು ಹೇಳಿದ. ನಿಲ್ಲಿಸಿ ಅಜ್ಜಿ ಕಡೆ ನೋಡಿದ. ಅಜ್ಜಿ ಮೇಷ್ಟ್ರ ಕಡೆ ನೋಡಿದಳು.

“ಯಾಕಜ್ಜ ನಿಲ್ಲಿಸಿದ್ರಿ?”

“ಹೂಂ ಬರ್ಲಿಲ್ಲ.”

“ಯಾವ ಹೂಂ?”

“ಹೂಂ ಬರದೆ ಮುಂದ್ಕೆ ಹೆಂಗೋಗಾದು? ಬೊಮ್ಮಣ್ಣ ಇನ್ನಾ ಹಟ್ಟೀಲೇ ನಿಂತವ್ನೆ.”

ಮೇಷ್ಟ್ರು ಒಳ್ಳೆಯವರು. ನಕ್ಕು, ಹಾಗಾದರೆ ಅಜ್ಜಿ ಹೂಂಗುಟ್ಟಲಿ ಅಂದರು. ಪಟ್ಟಿಯನ್ನು ಹಿಂದಕ್ಕೆ ಸುತ್ತಿ ಮತ್ತೆ ಶುರು ಮಾಡಿದರು. ಅಜ್ಜಿಗೆ ರಾಟೆಯಿಲ್ಲದೆ ಹೂಂ ಅಂದು ಅಭ್ಯಾಸವಿಲ್ಲ. ಪ್ರತಿ ಹೂಂಗೆ ಅವಳ ಬಲಗೈ ತಾನೇ ಒಂದು ಸುತ್ತು ತಿರುಗುತ್ತಿತ್ತು, ಮೊಳಕೈ ತನಕ ಇದ್ದ ಗಾಜಿನ ಬಳೆಗಳು ಗಲ್ ಅನ್ನುತ್ತಿದ್ದವು. ಮೇಷ್ಟ್ರು ಕಿವಿಗೆ ಹಾಕಿಕೊಂಡದ್ದನ್ನು ತೆಗೆದು ಹೇಳಿದರು.

“ಅಜ್ಜಿ, ಬಳೆ ಸದ್ದು ಬಹಳ ಬರ್ತಾ ಇದೆ. ಸ್ವಲ್ಪ ಹೊತ್ತು ಬಳೆ ತೆಗೆದಿಡ್ತೀರಾ?”

ಗಂಡ ಎದುರಿಗೆ ಕೂತಿರುವಾಗ ಮುತ್ತೈದೆಗೆ ಬಳೆ ತೆಗಿ ಅನ್ನುವುದು ಏನು ಅಂತ ಆ ಮನುಷ್ಯನಿಗೆ ಆ ಕ್ಷಣ ಹೊಳೆಯಲಿಲ್ಲ, ಯಂತ್ರದ ಚಿಂತೆಯಲ್ಲಿದ್ದರು. ಹೊಳೆದ ಮೇಲೆ ಕೈ ಮುಗಿದರು. ತಪ್ಪಾಯಿತು ತಾಯಿ ಅಂದರು. ಅಜ್ಜಿ ಅವರನ್ನು ಬೈಯಲಿಲ್ಲ. ಎದ್ದು ಸೆರಗು ಕೊಡವಿಕೊಂಡು ನನ್ನನ್ನು ನೋಡಿದಳು.

“ತಿಪ್ಪ, ನಿಮ್ಮಜ್ಜಗೆ ಹೇಳು. ಕುರಿ ಮಾರಿದಾಗ್ಲೇ ತೆಗೀಲಿಲ್ಲ ಈ ಬಳೆ. ಡಬ್ಬಿಗೋಸ್ಕರ ತೆಗೀತೀನಾ?”

ಹಾಗೆ ಅಂದು ಹಿತ್ತಲಿನ ಕುರಿ ರೊಪ್ಪಕ್ಕೆ ಹೋಗಿ ಕೂತಳು. ಮೇಷ್ಟ್ರು ಹಿಂದೆಯೇ ಹೋಗಿ ಇನ್ನೊಮ್ಮೆ ಕೇಳಿಕೊಂಡರು, ಬರಲಿಲ್ಲ. ಅಜ್ಜ ಉಣ್ಣೆ ಬಿಡಿಸುತ್ತಲೇ ಇದ್ದ. ಅವನ ಮುಖ ಬಿದ್ದುಹೋಗಿತ್ತು. ತನಗೆ ವಯಸ್ಸಾಯಿತು, ಮಗನಿಗೆ ಕತೆ ಬರುವುದಿಲ್ಲ, ಈಗ ಹಿಡಿಯದಿದ್ದರೆ ಬೊಮ್ಮಣ್ಣ ತನ್ನ ಜೊತೆಗೇ ಹೋಗುತ್ತಾನೆ ಅಂತ ಅವನು ವಾರದಿಂದ ಅವ್ವನ ಹತ್ತಿರ ಹೇಳಿಕೊಂಡಿದ್ದ. ನಾನು ಗಂಜಿಯ ಕೈ ಒರೆಸಿಕೊಂಡು ಮುಂದೆ ಬಂದೆ.

“ನಾನು ಹೂಂಗುಡ್ತೀನಿ.”

“ನಿಂಗೆ ಗೊತ್ತೇನಲೇ, ಎಲ್ಲಿ ಅನ್ಬೇಕು, ಎಲ್ಲಿ ಅನ್ಬಾರ್ದು?”

“ಗೊತ್ತು.”

ಗೊತ್ತಿತ್ತು. ಸಾವಿರ ಸಲ ಕೇಳಿದ್ದೆ. ಶಾಲೆ ಬಿಟ್ಟವನ ದನಿಯೂ ರೇಡಿಯೋದಲ್ಲಿ ಬರುತ್ತದೆ, ಮೂಗು ಮುಚ್ಚಿಕೊಂಡ ಹುಡುಗರು ಕೇಳುತ್ತಾರೆ ಅನ್ನುವುದೂ ಮನಸ್ಸಿನಲ್ಲಿತ್ತು, ಸುಳ್ಳು ಯಾಕೆ ಹೇಳಲಿ. ನನ್ನ ದನಿ ಸಣ್ಣದು ಅಂತ ಮೇಷ್ಟ್ರು ನನ್ನನ್ನು ಹತ್ತಿರ ಕೂರಿಸಿಕೊಂಡರು. ದನಿ ತಗ್ಗಿದರೆ ಬೆರಳೆತ್ತುತ್ತೇನೆ, ಆಗ ಗಟ್ಟಿಯಾಗಿ ಅನ್ನು ಅಂದರು.

ಕತೆ ಹರಿಯಿತು. ಮಧ್ಯೆ ಒಂದು ಗೂಡ್ಸ್ ರೈಲು ಹೋಯಿತು, ಅದು ಗುಡ್ಡ ದಾಟುವ ತನಕ ಕಾದೆವು. ಅಜ್ಜ ಅವತ್ತು ಹೇಳಿದ ಹಾಗೆ ನಾನು ಮುಂಚೆ ಕೇಳಿರಲಿಲ್ಲ. ತೋಳ ಬಂದಾಗ ಅವನ ಕೈಯಲ್ಲಿದ್ದ ಉಣ್ಣೆ ಅಲುಗಾಡಲಿಲ್ಲ. ಮೇಷ್ಟ್ರು ಎರಡು ಮೂರು ಸಲ ಬೆರಳೆತ್ತಿದರು, ನಾನು ಗಟ್ಟಿಯಾಗಿ ಹೂಂ ಅಂದೆ, ಅವರು ತಲೆದೂಗಿದರು. ನದಿ ಬಂತು. ಮರಿಗಳು ಒಂದೊಂದಾಗಿ ಕುಡಿದವು.

“ಕಡೇ ಮರಿ ಕುಡೀತು, ಬೊಮ್ಮಣ್ಣ ಪ್ರಾಣ ಬಿಟ್ಟ.”

ನಾನು ಸುಮ್ಮನಿದ್ದೆ. ಮೇಷ್ಟ್ರು ನನ್ನ ಕಡೆ ನೋಡಿದರು. ಈ ಕಟ್ಟಳೆ ಅವರಿಗೆ ಯಾರೂ ಹೇಳಿರಲಿಲ್ಲ, ಹುಡುಗ ಕತೆಯಲ್ಲಿ ಮುಳುಗಿ ಮರೆತ ಅಂದುಕೊಂಡರು. ಬೆರಳೆತ್ತಿದರು. ಅಜ್ಜ ಎರಡನೇ ಸಲ ಅಂದ. ನಾನು ತುಟಿ ಕಚ್ಚಿ ಹಿಡಿದೆ. ಬೆರಳು ಇನ್ನೂ ಮೇಲೆ ಬಂತು, ಹುಬ್ಬೂ ಏರಿತು. ಆರು ವರ್ಷ ಮೇಷ್ಟ್ರುಗಳ ಬೆರಳು ನೋಡಿ ಎದ್ದು ನಿಂತವನು ನಾನು. ಅಜ್ಜ ಮೂರನೇ ಸಲ ಅಂದ.

“ಹೂಂ,” ಅಂದೆ. ಗಟ್ಟಿಯಾಗಿಯೇ ಅಂದೆ.

ಅಜ್ಜನ ಕೈಯಿಂದ ಉಣ್ಣೆ ಜಾರಿತು. ಅವನು ನನ್ನನ್ನು ನೋಡಲಿಲ್ಲ, ಯಂತ್ರದ ಚಕ್ರ ತಿರುಗುವುದನ್ನು ನೋಡಿದ. ನಿಲ್ಲಿಸಬಹುದಿತ್ತು. ಆದರೆ ಹೂಂ ಬಂದ ಮೇಲೆ ಹೇಳುವವನು ಮುಂದಕ್ಕೆ ಹೋಗಲೇಬೇಕು. ಮುಂದೆ ಏನಿದೆ ಅಂತ ನಮಗಾರಿಗೂ ಗೊತ್ತಿರಲಿಲ್ಲ, ಅಜ್ಜನಿಗೆ ಅವನಪ್ಪ ಒಂದೇ ಒಂದು ಸಲ ಹೇಳಿಕೊಟ್ಟಿದ್ದನಂತೆ, ಬೇಕಾದರೆ ಇರಲಿ ಅಂತ. ಅಜ್ಜ ದನಿ ಇಳಿಸಿ ಹೇಳಿದ. ಏಳು ಹಟ್ಟಿಯವರೂ ಒಂದೊಂದು ಹಿಡಿ ಉಣ್ಣೆ ಕತ್ತರಿಸಿ ಗುಂಡಿಗೆ ಹಾಸಿದರು. ಅವನನ್ನು ಮಲಗಿಸಿ ಮಣ್ಣೆಳೆದರು. ಹೊರಡು ಅಂದರೆ ಕುರಿಗಳು ಹೊರಡಲಿಲ್ಲ, ಆ ಮಣ್ಣಿನ ಮೇಲೇ ಮಲಗಿದವು. ಯಾರೂ ತುಳಿದು ಗಟ್ಟಿ ಮಾಡಬೇಕಾಗಲಿಲ್ಲ. ನಾನು ಪ್ರತಿ ಮಾತಿಗೂ ಹೂಂ ಅಂದೆ. ಇನ್ನು ಅನ್ನದೆ ಇರಲು ಏನು ಉಳಿದಿತ್ತು?

ಮೇಷ್ಟ್ರು ಗುಂಡಿ ಒತ್ತಿ ನಿಲ್ಲಿಸಿ ಕಣ್ಣು ಒರೆಸಿಕೊಂಡರು. ಇಷ್ಟು ಊರು ಸುತ್ತಿದೆ, ಇಂಥದ್ದು ಸಿಕ್ಕಿರಲಿಲ್ಲ ಅಂದರು. ಅಜ್ಜನ ಮುಖ ನೋಡಿ ಗಾಬರಿಯಾದರು. ಅವ್ವ ಅಡುಗೆಮನೆಯ ಬಾಗಿಲಿಗೆ ಬಂದು ವಿಷಯ ಹೇಳಿದಳು.

“ಅಯ್ಯೋ, ನನಗೆ ತಿಳೀಲಿಲ್ಲ. ಅಜ್ಜ, ಬೇಕಾದರೆ ಆ ಭಾಗ ಅಳಿಸ್ತೀನಿ.”

“ನಿಮ್ಮ ಡಬ್ಬೀಲಿ ಅಳಿಸ್ಬೌದು ಸ್ವಾಮಿ. ನಮ್ಮ ಕಿವೀಲಿ ಹೆಂಗಳಿಸ್ತೀರಿ? ಇರ್ಲಿ ಬಿಡ್ರಿ.”

ಅಷ್ಟರಲ್ಲಿ ಅಜ್ಜಿ ರೊಪ್ಪದಿಂದ ಬಂದಳು. ಗೋಡೆಯಾಚೆ ಎಲ್ಲ ಕೇಳಿಸಿಕೊಂಡಿದ್ದಳು. ನೆಟ್ಟಗೆ ಒಲೆಯ ಹತ್ತಿರ ಹೋಗಿ, ಮುದ್ದೆಗೆ ಇಟ್ಟಿದ್ದ ಎಸರು ಇಳಿಸಿ, ಉರಿಯುತ್ತಿದ್ದ ಸೌದೆ ಹೊರಗೆಳೆದು ನೀರು ಚಿಮುಕಿಸಿದಳು. ಸಾವಾದ ಮನೆಯಲ್ಲಿ ಒಲೆ ಉರಿಯುವುದಿಲ್ಲ. ಸಾವಾದ ಮನೆಯಲ್ಲಿ ಇನ್ನೊಂದು ನಡೆಯುತ್ತದೆ ನಮ್ಮ ಕಡೆ, ಮಾತು ಬಿಟ್ಟವರು ಆವತ್ತು ಮಾತಾಡಬೇಕು, ಇಲ್ಲದಿದ್ದರೆ ಹೋದವರ ದಾರಿಗೆ ಅಡ್ಡ. ಅಜ್ಜಿ ಪಡಸಾಲೆಗೆ ಬಂದು ಅಜ್ಜನ ಮುಂದೆ ನಿಂತಳು. ನನ್ನ ಹೆಸರು ಹಿಡಿಯಲಿಲ್ಲ.

“ಏಳ್ರಿ. ತಲೆಗೆ ನೀರು ಹಾಕ್ಕಳ್ರಿ.”

ನಾಲ್ಕೈದು ವರ್ಷದ ಮೇಲೆ ಬಂದ ಮಾತು ಅಷ್ಟೇ. ಅಜ್ಜ ಎದ್ದು ಹೋಗಿ ತಣ್ಣೀರು ಹಾಕಿಕೊಂಡ. ಪಕ್ಕದ ಮನೆಯ ಗಂಗಕ್ಕ ಸುದ್ದಿ ತಿಳಿದು ಮುದ್ದೆ ಸಾರು ತಂದಳು, ದುರ್ಗದ ಮೇಷ್ಟ್ರು ಅದನ್ನೇ ತಲೆ ಬಗ್ಗಿಸಿ ಉಂಡು ರೈಲಿಗೆ ಹೊರಟರು. ಸಂಜೆ ಕುರಿ ಹೊಡೆದುಕೊಂಡು ಬಂದ ಅಪ್ಪನೂ ಸ್ನಾನ ಮಾಡಿದ. ಒರೆಸಿಕೊಳ್ಳುತ್ತ ನನ್ನನ್ನು ಕೇಳಿದ.

“ಯಾವನು ಬೆರಳೆತ್ತಿದ್ರೂ ಹೂಂ ಅಂತೀಯೇನಲೇ?”

ಹೊಡೆದಿದ್ದರೆ ಮರೆತುಬಿಡುತ್ತಿದ್ದೆ. ಆಮೇಲೆ ಎಷ್ಟೋ ಕಡೆ ದುಡಿದೆ, ಮಿಲ್ಲಿನಲ್ಲಿ, ಲಾರಿಯಲ್ಲಿ, ನನ್ನದೇ ಮಗ್ಗದಲ್ಲಿ. ದೊಡ್ಡವರು ಕೈ ತೋರಿಸಿದ ಕಡೆ ಓದದೆ ಹೆಬ್ಬೆಟ್ಟೊತ್ತುವವರ ನಡುವೆ ನಾನು ಅಕ್ಷರ ಕೂಡಿಸಿ ಕೂಡಿಸಿ ಓದಿಯೇ ಸಹಿ ಹಾಕಿದವನು. ತಡಮಾಡುತ್ತಾನೆ ಅಂತ ಬೈಸಿಕೊಂಡಿದ್ದೇನೆ. ಕಲಿತದ್ದು ಆ ಪಡಸಾಲೆಯಲ್ಲಿ.

ಮೂರನೇ ದಿನ ರೊಪ್ಪದ ಮೂಲೆಯಲ್ಲಿ ಬೊಮ್ಮಣ್ಣನ ಹೆಸರಿಗೆ ಹಾಲು ತುಪ್ಪ ಬಿಟ್ಟರು. ಅಲ್ಲಿಂದಾಚೆ ಅಜ್ಜ ಅಜ್ಜಿ ಮಾತಾಡಿಕೊಂಡರು, ಉಪ್ಪು, ಉಣ್ಣೆ, ಮೊಳಕಾಲಿನ ನೋವು, ಇಂಥವೇ. ಆದರೆ ಅಜ್ಜ ಕತೆ ನಿಲ್ಲಿಸಿಬಿಟ್ಟ. ಸತ್ತವನನ್ನು ಮತ್ತೆ ಹಟ್ಟಿಯಿಂದ ಹೊರಡಿಸುವುದು ಹೇಗೆ ಅಂದ. ಮಗ್ಗದ ಸದ್ದು ಮಾತ್ರ ಉಳಿಯಿತು. ನಾನು ಗಂಜಿ ಬಳಿಯುತ್ತ ಆ ಸದ್ದನ್ನು ಕೇಳುತ್ತಿದ್ದೆ. ಒಬ್ಬ ಮನುಷ್ಯನನ್ನು ಕೊಂದಿದ್ದೇನೆ ಅಂತಲೇ ನನಗನ್ನಿಸುತ್ತಿತ್ತು, ಈಗ ನಗು ಬರಬಹುದು, ಆಗ ಬರುತ್ತಿರಲಿಲ್ಲ.

ಮಳೆಗಾಲ ಮುಗಿಯುವಾಗ ಮೇಷ್ಟ್ರ ಕಾಗದ ಬಂತು, ಇಂಥ ವಾರ ಸಂಜೆ ರೇಡಿಯೋದಲ್ಲಿ ಬರುತ್ತದೆ ಅಂತ. ರೇಡಿಯೋ ಇಟ್ಟುಕೊಳ್ಳಲು ಲೈಸೆನ್ಸ್ ಬೇಕಿದ್ದ ಕಾಲ. ಸುತ್ತಿನಲ್ಲಿ ಇದ್ದದ್ದು ಸ್ಟೇಷನ್ ಪಕ್ಕದ ಟೀ ಹೋಟೆಲಿನಲ್ಲಿ ಒಂದು. ಅಪ್ಪ ಬರುವುದಿಲ್ಲ ಅಂದ. ಅಜ್ಜ, ಅಜ್ಜಿ, ನಾನು ಹೊರಟೆವು. ಅಜ್ಜಿ ಒಳಗೆ ಬರಲಿಲ್ಲ, ಹೊರಗಿನ ಕಲ್ಲಿನ ಮೇಲೆ ಕೂತಳು. ಹೋಟೆಲಿನವನು ರೇಡಿಯೋವನ್ನು ಬಾಗಿಲ ಕಡೆ ತಿರುಗಿಸಿಟ್ಟ. ಟೀ ಕುಡಿಯಲು ಬಂದ ಹತ್ತಾರು ಜನ ಕಾಲು ಮಡಿಸಿ ಕೂತರು.

ಮೊದಲು ಒಬ್ಬ ಹೆಣ್ಣುಮಗಳು ಬೊಮ್ಮಣ್ಣ ನಮ್ಮ ಜಿಲ್ಲೆಯ ಹಿರಿಮೆ ಅಂತ ನಾಲ್ಕು ಮಾತು ಹೇಳಿದಳು. ಆಮೇಲೆ ಅಜ್ಜನ ದನಿ. ಅಜ್ಜ ಬೆಚ್ಚಿ ತನ್ನ ಗಂಟಲು ಮುಟ್ಟಿಕೊಂಡ. ನಾನು ನನ್ನ ಹೂಂಗೆ ಕಾದೆ. ಬರಲಿಲ್ಲ. ಎರಡನೆಯದೂ ಬರಲಿಲ್ಲ. ಒಂದು ಮಾತು ಮುಗಿದ ಕೂಡಲೇ ಇನ್ನೊಂದು ಮಾತು ಬರುತ್ತಿತ್ತು. ಮೇಷ್ಟ್ರು ಪಟ್ಟಿಯನ್ನು ಕತ್ತರಿಸಿ ಅಂಟಿಸುವಾಗ ನನ್ನ ಹೂಂಗಳನ್ನೆಲ್ಲ ಗಲಾಟೆ ಅಂತ ತೆಗೆದುಹಾಕಿದ್ದರು. ಅದೇ ಹೊತ್ತಿಗೆ ಹೊರಗೆ ಅಜ್ಜಿ ಕಲ್ಲಿನಿಂದ ಎದ್ದಳು. ನನಗಿಂತ ಬೇಗ ಅವಳಿಗೆ ಹೊಳೆದಿತ್ತು. ಹೆಂಗಸರು ಕಾಲಿಡದ ಹೋಟೆಲಿನ ಬಾಗಿಲಲ್ಲಿ ಬಂದು ನಿಂತಳು. ಕತೆ ನದಿಯ ಹತ್ತಿರ ಬಂದಿತ್ತು. ಮೂಲೆಯಲ್ಲಿದ್ದ ಒಬ್ಬ ಮುದುಕ ಆಗಿನಿಂದ ಅಭ್ಯಾಸಬಲದಿಂದ ತಾನೇ ಹೂಂಗುಟ್ಟುತ್ತಿದ್ದ.

“ಅಣ್ಣಾರೆ, ಬಾಯಿ ಮುಚ್ಕಂಡು ಟೀ ಕುಡೀರಿ.”

“ಯಾಕಮ್ಮ?”

“ಆಮ್ಯಾಕೆ ಹೇಳ್ತೀನಿ. ಯಾರೂ ಹೂಂ ಅನ್ಬ್ಯಾಡ್ರಿ. ಲೋಟ ಕೆಳಗಿಡ್ರಿ.”

ಕಡೇ ಮರಿ ಕುಡೀತು, ಬೊಮ್ಮಣ್ಣ ಪ್ರಾಣ ಬಿಟ್ಟ, ಅಂತು ರೇಡಿಯೋ. ಹೋಟೆಲಿನಲ್ಲಿ ಸ್ಟೋವಿನ ಸದ್ದೊಂದೇ. ಎರಡನೇ ಸಲ ಅಂತು. ಮುದುಕ ಕೈಯಿಂದ ಬಾಯಿ ಮುಚ್ಚಿಕೊಂಡ. ಮೂರನೇ ಸಲ ಅಂತು. ಯಾರೂ ಅನ್ನಲಿಲ್ಲ. ರೇಡಿಯೋದೊಳಗೂ ಯಾರೂ ಅನ್ನಲಿಲ್ಲ. ಉಣ್ಣೆ, ಮಣ್ಣು, ಕುರಿ ಮಲಗಿದ್ದು ಎಲ್ಲ ಬಂತು, ಯಾರೂ ಒಪ್ಪದೆಯೇ ಬಂದುಹೋಯಿತು. ಆಮೇಲೆ ಯಾವುದೋ ಬಿತ್ತನೆ ಬೀಜದ ಮಾತು ಶುರುವಾಯಿತು.

ಹೊರಗೆ ಬಂದು ಅಜ್ಜ ಅಜ್ಜಿ ಕಡೆ ತಿರುಗಿದ.

“ಈ ಹುಡ್ಗ ಅವತ್ತು ಹೂಂ ಅಂದಿದ್ದ,” ಅಂದ.

“ಯಾರು ಕೇಳ್ಸ್ಕಂಡ್ರು? ನಾವು ಮನೆಯಾರು ನಾಲ್ಕು ಜನ. ಇವತ್ತು ಅಷ್ಟೂ ಊರು ಕೇಳೈತೆ, ಒಂದಾದ್ರೂ ಹೂಂ ಅಂತಾ? ಯಾವುದು ನಡೀಬೇಕು?”

“ಹಂಗಾರೆ ಸಾವಾಗಿಲ್ಲ.”

“ಇಲ್ಲ.”

ಅಜ್ಜ ನಾಲ್ಕು ಹೆಜ್ಜೆ ನಡೆದು ನಿಂತ.

“ಸಾವಾಗಿಲ್ಲ ಅಂದ್ಮೇಲೆ, ನೀನು ನನ್ನತ್ರ ಮಾತಾಡಿದ್ದು ಯಾತಕ್ಕೆ?”

ಅಜ್ಜಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

“ಆಡಿದ್ದು ಆಡಿದೆ. ನಡೀರಿ. ನಾಳೆ ಮಗ್ಗಕ್ಕೆ ಕುಂತಾಗ ಹಟ್ಟಿಯಿಂದ ಹೊರಡಿಸ್ರಿ ಅವನ್ನ.”